ಮೀಟಿಯರ್ 350ಕ್ಕೆ ಬಟ್ಟೆಯ ಸ್ಯಾಡಲ್ ಬ್ಯಾಗ್: ಎರಡು ಮಳೆಗಾಲಗಳ ಅನುಭವ

ನನ್ನ ರಾಯಲ್ ಎನ್‌ಫೀಲ್ಡ್ ಮೀಟಿಯರ್‌ಗೆ ಸ್ಯಾಡಲ್ ಬ್ಯಾಗ್ ಹಾಕಿಸಿ ಎರಡು ಮಳೆಗಾಲಗಳು ಕಳೆದಿವೆ. ಗಟ್ಟಿ ಪೆಟ್ಟಿಗೆಗಳ ಆಸೆ ನನಗೂ ಇತ್ತು. ಆದರೆ ಮೊದಲೇ 191 ಕಿಲೋ ತೂಗುವ ಗಾಡಿಗೆ ಇನ್ನಷ್ಟು ಭಾರ ಹೇರಿ, ಆ ಅಗಲವನ್ನು ದಿನವೂ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ನುಸುಳಿಸುವುದು ನನ್ನಿಂದಾಗದು ಎನಿಸಿತು, ಬೆಲೆಯೂ ಕೈಗೆಟುಕುವಂತಿರಲಿಲ್ಲ. ಹೀಗಾಗಿ ಸೀಟಿನ ಮೇಲಿಂದ ಎರಡೂ ಬದಿಗೆ ಇಳಿಬಿಡುವ ಬಟ್ಟೆಯ ಜೋಡಿಚೀಲವನ್ನು ಕೊಂಡೆ.

ಚೀಲವನ್ನು ಚಕ್ರದಿಂದ ದೂರವಿಡುವ ಕಬ್ಬಿಣದ ಸ್ಟೇ ಬೇಡವೆಂದು ಅಂಗಡಿಯವರು ಹೇಳಿದ್ದನ್ನು ನಂಬಿದ್ದು ನನ್ನ ಮೊದಲ ತಪ್ಪು. ಈ ಗಾಡಿಯ ಸೈಲೆನ್ಸರ್ ಇರುವುದು ಬಲಬದಿಯಲ್ಲಿ. ಸಕಲೇಶಪುರ ತಲುಪುವ ಹೊತ್ತಿಗೆ ಬಲಚೀಲದ ತಳದ ನೈಲಾನ್ ಕರಗಿ, ಆರಿದ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಖಾಲಿ ಚೀಲವನ್ನು ಕಟ್ಟಿ ಅಂತರ ನೋಡಿದರೆ ಪ್ರಯೋಜನವಿಲ್ಲ. ಬಟ್ಟೆ ತುಂಬಿದ ಮೇಲೆ ಅದು ಜೋತು ಬೀಳುತ್ತದೆ. ತುಂಬಿದ ಚೀಲಕ್ಕೂ ಸೈಲೆನ್ಸರಿಗೂ ನಡುವೆ ನಾಲ್ಕು ಬೆರಳು ಹಿಡಿಯುವಷ್ಟು ಜಾಗವಿರಲಿ. ಸ್ಟೇ ಹಾಕಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ನನ್ನನ್ನು ನಿಜವಾಗಿ ಕೆರಳಿಸಿದ್ದು ಚೀಲದ ಜೊತೆಗೆ ಬಂದ ಮಳೆ ಕವರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವಾಗ ಹಿಡಿದ ಮಳೆ ಉಜಿರೆಯವರೆಗೂ ಬಿಡಲಿಲ್ಲ. ಧರ್ಮಸ್ಥಳದ ಕೋಣೆಯಲ್ಲಿ ಚೀಲ ಬಿಚ್ಚಿದಾಗ ಮೇಲಿನ ಅಂಗಿ ಬೆಚ್ಚಗಿತ್ತು, ತಳದಲ್ಲಿದ್ದ ಪಂಚೆಯನ್ನು ಹಿಂಡಬೇಕಾಯಿತು. ಕವರು ಮೇಲಿನಿಂದ ಸುರಿಯುವ ನೀರನ್ನು ತಡೆಯುತ್ತದೆ, ಸರಿ. ಆದರೆ ಚಕ್ರ ಎರಚುವ ನೀರು ಒಳಮಗ್ಗುಲಿನ ತೆರೆದ ಅಂಚಿನಿಂದ ನುಗ್ಗಿ, ಹೊರಹೋಗಲು ದಾರಿಯಿಲ್ಲದೆ ಬುಡದಲ್ಲಿ ನಿಲ್ಲುತ್ತದೆ. ಕವರು ಕಳಚಿದಾಗ ಒಂದು ಚೊಂಬಿನಷ್ಟು ನೀರು ನನ್ನ ಕಾಲ ಮೇಲೆ ಬಿತ್ತು. ಕಾದ ಮೊಳೆಯಿಂದ ಕವರಿನ ಬುಡದಲ್ಲಿ ಎರಡು ತೂತು ಮಾಡಿದ್ದರಿಂದ ಅರ್ಧ ಪರಿಹಾರವಾಯಿತು. ಉಳಿದರ್ಧ ಒದಗಿದ್ದು ಭಾವನ ಮನೆಯ ಕೊಟ್ಟಿಗೆಯಿಂದ: ಗೊಬ್ಬರದ ಮೂಟೆಯೊಳಗಿನ ದಪ್ಪ ಪ್ಲಾಸ್ಟಿಕ್ ಚೀಲವನ್ನು ಚೆನ್ನಾಗಿ ತೊಳೆದು, ಬಟ್ಟೆಗಳನ್ನು ಅದರೊಳಗಿಟ್ಟು, ಬಾಯಿಯನ್ನು ತಿರುಚಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಆಮೇಲೆ ಒಂದು ಕರ್ಚೀಫೂ ನೆನೆದಿಲ್ಲ.

ಇಷ್ಟೆಲ್ಲ ಬೈದರೂ ಪ್ರಯಾಣದ ಬೆಳಗಿನ ಕಟ್ಟುವ ಕೆಲಸ ನನಗೆ ಇಷ್ಟವಾಗಿಬಿಟ್ಟಿದೆ. ಭಾರದ ಸಾಮಾನೆಲ್ಲ ತಳಕ್ಕೆ, ಪಂಕ್ಚರ್ ಕಿಟ್ ಎಡಚೀಲಕ್ಕೆ, ಚಕ್ಕುಲಿ ಡಬ್ಬಿ ಕೈಗೆ ಸಿಗುವಂತೆ ಮೇಲಕ್ಕೆ. ಎರಡೂ ಚೀಲಗಳನ್ನು ಕೈಯಲ್ಲಿ ತೂಗಿ ನೋಡಿ, ಪಟ್ಟಿ ಎಳೆದು, ಉಳಿದ ತುದಿಯನ್ನು ಚಕ್ರಕ್ಕೆ ಸಿಗದಂತೆ ಮಡಿಸಿ ಸಿಕ್ಕಿಸುವಷ್ಟರಲ್ಲಿ ಹೆಂಡತಿ ಫ್ಲಾಸ್ಕಿಗೆ ಕಾಫಿ ತುಂಬಿಸಿರುತ್ತಾಳೆ. ಅವಳ ದೂರು ಒಂದೇ, ಹಿಮ್ಮಡಿ ಚೀಲಕ್ಕೆ ತಗಲುತ್ತದೆ ಎಂಬುದು. ಚೀಲವನ್ನು ಒಂದಿಂಚು ಹಿಂದಕ್ಕೆ ಸರಿಸಿದ್ದೇನೆ, ಅದಕ್ಕಿಂತ ಹೆಚ್ಚು ಸರಿಸಿದರೆ ಇಂಡಿಕೇಟರ್ ಮುಚ್ಚಿಹೋಗುತ್ತದೆ.

ಈ ಜೋಡಿ ಹರಿದರೆ ಮತ್ತೆ ಬಟ್ಟೆಯದ್ದನ್ನೇ ಕೊಳ್ಳುತ್ತೇನೆ. ಕವರಿಗೆ ಮಾತ್ರ ಬೇರೆಯಾಗಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.