ಪೂಲ್ ಕಾಲದ ಪುಸ್ತಕಗಳು: ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ಒಂದರ ದಾಖಲೆ ಸಂಗ್ರಹ

ಚಿಕ್ಕಮಗಳೂರಿನಲ್ಲಿ ಕಾಫಿಯ ಚರಿತ್ರೆ ತಿಳಿಯಬೇಕೆನ್ನುವವರು ಸಾಮಾನ್ಯವಾಗಿ ಕಾಫಿ ಮಂಡಳಿಯ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ. ಬೀಜದಿಂದ ಬಟ್ಟಲಿನವರೆಗಿನ ಹಂತಗಳನ್ನು ಅಲ್ಲಿ ಕ್ರಮವಾಗಿ ನೋಡಬಹುದಾದ್ದರಿಂದ, ಕಾಫಿ ಗಿಡವನ್ನೇ ಕಾಣದ ಶಾಲಾ ಮಕ್ಕಳಿಗೂ ಪ್ರವಾಸಿಗಳಿಗೂ ಅದು ತುಂಬ ಉಪಯುಕ್ತವಾದ ಜಾಗ. ಆದರೆ ಈ ಬೆಳೆಯ ಸುತ್ತ ಊರು ಕಟ್ಟಿಕೊಂಡ ಸಂಸ್ಥೆಗಳು ದಿನನಿತ್ಯ ಹೇಗೆ ನಡೆದವು, ಯಾರ ಕಾಫಿಗೆ ಎಷ್ಟು ಬೆಲೆ ಸಿಕ್ಕಿತು, ಕಾಳು ಆರಿಸಿದವರಿಗೆ ಎಷ್ಟು ಕೂಲಿ ಸಂದಿತು ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಹಳೆಯ ಕಚೇರಿಗಳ ಕಾಗದಪತ್ರಗಳನ್ನೇ ನೋಡಬೇಕು. ಅಂಥ ಕಾಗದಪತ್ರಗಳನ್ನು ರದ್ದಿಗೆ ಹಾಕದೆ ಉಳಿಸಿಕೊಂಡಿರುವ ಹಳೆಯ ಕ್ಯೂರಿಂಗ್ ವರ್ಕ್ಸ್ (ಕಾಫಿಯ ಸಿಪ್ಪೆ ಸುಲಿದು ದರ್ಜೆ ಕಟ್ಟುವ ಕಾರ್ಖಾನೆ) ಒಂದು ತನ್ನ ಗೋದಾಮಿನ ಪಕ್ಕದ ಕಚೇರಿ ಕಟ್ಟಡವನ್ನು ಈಚೆಗೆ ದಾಖಲೆ ಸಂಗ್ರಹವಾಗಿ ತೆರೆದಿದೆ. ದಾಖಲೆಗಳ ಪಟ್ಟಿ ಸಿದ್ಧವಾಗುವವರೆಗೆ ಮೊದಲೇ ಅನುಮತಿ ಪಡೆದವರಿಗೆ ಮಾತ್ರ ಪ್ರವೇಶವಿರುವುದರಿಂದ ಸಂಸ್ಥೆಯ ಹೆಸರನ್ನು ಪ್ರಕಟಿಸಬಾರದೆಂದು ಅಲ್ಲಿಯವರು ಕೋರಿದ್ದಾರೆ. ಅವರ ಕೋರಿಕೆಯಂತೆ ಇಲ್ಲಿ ಹೆಸರು ಬರೆದಿಲ್ಲ.

ಕೆಳಗಿನ ಹಜಾರದಲ್ಲಿ ಯಂತ್ರಗಳಿವೆ. ಸಿಪ್ಪೆ ಸುಲಿಯುವ ಹಲ್ಲರ್, ಕಾಳುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜರಡಿಗಳು, ಹಳೆಯ ತೂಕದ ಯಂತ್ರ, ಗೋಣಿಚೀಲದ ಮೇಲೆ ಗುರುತು ಹಾಕಲು ಬಳಸುತ್ತಿದ್ದ ತಗಡಿನ ಅಚ್ಚುಗಳು ಇವೆಲ್ಲವನ್ನೂ ತುಕ್ಕು ತೆಗೆದು ಅಚ್ಚುಕಟ್ಟಾಗಿ ಇರಿಸಿದ್ದಾರೆ. ಜರಡಿಗಳ ಮುಂದೆ ಒಂದು ನಿಮಿಷ ನಿಂತರೆ ಏ, ಬಿ, ಸಿ ದರ್ಜೆಗಳೆಂದರೆ ಏನೆಂಬುದು ಕೈಗೇ ಸಿಗುತ್ತದೆ: 6.65 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಂತದ್ದು ಏ, ಅದರಿಂದ ಜಾರಿ 6 ಮಿಲಿಮೀಟರಿನ ಮೇಲೆ ನಿಂತದ್ದು ಬಿ. ಹಣ್ಣಿನಲ್ಲಿ ಎರಡರ ಬದಲು ಒಂದೇ ಕಾಳು ಉರುಟಾಗಿ ಬೆಳೆದರೆ ಅದು ಪೀಬೆರಿ. ಅದಕ್ಕೆ ಬೇರೆಯೇ ಜರಡಿ. ಈ ಹಜಾರವನ್ನು ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಡ.

ಸಂಗ್ರಹದ ನಿಜವಾದ ಬೆಲೆ ಇರುವುದು ಮಹಡಿಯ ಮೇಲೆ, ಪೂಲ್ ಕಾಲದ ಲೆಕ್ಕದ ಪುಸ್ತಕಗಳಲ್ಲಿ. ಇವು ಏಕೆ ಮುಖ್ಯವೆಂದು ಅರಿಯಲು ಹಿನ್ನೆಲೆ ತುಸು ಗೊತ್ತಿರಬೇಕು. ಎರಡನೆಯ ಮಹಾಯುದ್ಧ ಶುರುವಾಗಿ ಯೂರೋಪಿನ ಮಾರುಕಟ್ಟೆಗಳು ಮುಚ್ಚಿಹೋದಾಗ ನಮ್ಮ ಕಾಫಿ ಕೊಳ್ಳುವವರಿಲ್ಲದೆ ಗೋದಾಮುಗಳಲ್ಲಿ ಉಳಿಯಿತು. ಬೆಳೆಗಾರರನ್ನು ಉಳಿಸಲು 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯಿದೆ ಬಂದು, ಬೆಳೆದ ಕಾಫಿಯನ್ನು, ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸುವ ಏರ್ಪಾಡು ಬೆಳೆಯಿತು. ಬೆಳೆಗಾರರ ಕಾಫಿಯನ್ನು ಮಂಡಳಿಯ ಪರವಾಗಿ ಪಡೆದು, ಹದಮಾಡಿ, ದರ್ಜೆ ಕಟ್ಟಿ ಲೆಕ್ಕ ಕೊಡುತ್ತಿದ್ದವು ಕ್ಯೂರಿಂಗ್ ವರ್ಕ್ಸ್‌ಗಳು. ದರ್ಜೆಗೆ ತಕ್ಕಂತೆ ಪಾಯಿಂಟುಗಳು ಬೀಳುತ್ತಿದ್ದವು. ಮೊದಲ ಕಂತು ಬೇಗ ಬಂದರೂ ಉಳಿದ ಕಂತುಗಳು ಹರಾಜು ಮುಗಿದು ಪಾಯಿಂಟಿಗೆ ಬೆಲೆ ನಿಗದಿಯಾದ ಮೇಲೆ, ಕೆಲವೊಮ್ಮೆ ವರ್ಷಗಳು ಕಳೆದು ಬರುತ್ತಿದ್ದವು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಗಳ ಮದುವೆ, ಹೊಸ ಕಣ, ಮಾಡಿನ ರಿಪೇರಿ ಎಲ್ಲವೂ ‘ಪೂಲ್ ದುಡ್ಡು ಬರಲಿ’ ಎಂದು ಕಾದದ್ದು ಇದೇ ಕಾರಣಕ್ಕೆ. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಅವಕಾಶ ದೊರೆಯಿತು. ಒಂದು ಅರ್ಧ ಶತಮಾನದ ಕಾಲ ಈ ಜಿಲ್ಲೆಯ ಹಣಕಾಸೆಲ್ಲ ಇಂಥ ಪುಸ್ತಕಗಳ ಮೂಲಕವೇ ಹರಿದಿದೆ.

ಇಲ್ಲಿರುವ ಸಾಲುಗಳನ್ನು ಸರಿಯಾಗಿ ಜೋಡಿಸಿಕೊಂಡು ಓದಿದರೆ, ಒಂದು ಎಸ್ಟೇಟಿನ ಒಂದು ವರ್ಷದ ಕಾಫಿಯನ್ನು ಅದು ಗೇಟಿನೊಳಗೆ ಬಂದ ದಿನದಿಂದ ಕಡೆಯ ಕಂತಿನವರೆಗೂ ಹಿಂಬಾಲಿಸಬಹುದು. ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಳು) ಎಷ್ಟು, ಚೆರಿ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು) ಎಷ್ಟು, ತೇವ ಹೆಚ್ಚಾಗಿ ಮತ್ತೆ ಕಣದಲ್ಲಿ ಹರಡಿದ್ದೆಷ್ಟು, ಸುಲಿದ ಮೇಲೆ ಉಳಿದ ತೂಕವೆಷ್ಟು, ಯಾವ ದರ್ಜೆಗೆ ಎಷ್ಟು ಚೀಲ, ಎಲ್ಲವೂ ದಾಖಲಾಗಿವೆ. ದೊಡ್ಡ ಎಸ್ಟೇಟುಗಳ ಕಥೆ ಬೇರೆ ಕಡೆಗಳಲ್ಲೂ ಸಿಗಬಹುದು. ಎರಡು ಮೂರು ಎಕರೆಯ ಬೆಳೆಗಾರ ತಂದು ಹಾಕಿದ ನಾಲ್ಕು ಚೀಲ ಚೆರಿಯ ಲೆಕ್ಕ ಇಂಥಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರುವುದಿಲ್ಲ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು 1957ನೆಯ ಇಸವಿಯ ಒಂದು ಪುಸ್ತಕ. ಆ ವರ್ಷ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಪದ್ಧತಿ ಬಂದು, ರೂಪಾಯಿಗೆ ಹದಿನಾರು ಆಣೆಯ ಬದಲು ನೂರು ನಯಾಪೈಸೆಯಾಯಿತು. ಮುದ್ರಿತ ಪುಸ್ತಕದಲ್ಲಿ ರೂಪಾಯಿ, ಆಣೆ, ಪೈ ಎಂಬ ಮೂರು ಅಂಕಣಗಳಿದ್ದುದರಿಂದ ಗುಮಾಸ್ತರು ಆಣೆ, ಪೈಗಳ ನಡುವಿನ ಗೆರೆಯನ್ನು ಕೆಂಪು ಶಾಯಿಯಲ್ಲಿ ಅಡ್ಡ ಹೊಡೆದು, ಎರಡೂ ಅಂಕಣಗಳನ್ನು ಒಂದು ಮಾಡಿ, ಮೇಲೆ ‘ನ.ಪೈ.’ ಎಂದು ಬರೆದಿದ್ದಾರೆ. ರಟ್ಟಿನ ಒಳಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪರಿವರ್ತನೆಯ ಕೋಷ್ಟಕವಿದೆ: 1 ಆಣೆಗೆ 6, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25. ಮುಂದೆ ಕೆಲವು ವರ್ಷಗಳ ಪುಸ್ತಕಗಳಲ್ಲಿ ಇದೇ ಬಗೆಯಲ್ಲಿ 112 ಪೌಂಡಿನ ಹಂಡ್ರೆಡ್‌ವೇಟ್ ಸರಿದು ಕಿಲೋಗ್ರಾಂ ಬರುತ್ತದೆ. ಸರ್ಕಾರದ ಒಂದು ನಿರ್ಧಾರ ಒಂದು ಕಚೇರಿಯ ಮೇಜಿನ ಮೇಲೆ ಹೇಗೆ ಜಾರಿಯಾಯಿತೆಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ವಸ್ತು ನಮ್ಮ ಜಿಲ್ಲೆಯಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಪೂಲ್ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದರೆ ಬಟವಾಡೆ ಪುಸ್ತಕಗಳು ಕನ್ನಡದಲ್ಲಿ, ಕನ್ನಡ ಅಂಕಿಗಳಲ್ಲಿವೆ. ಬಣ್ಣ ಗುರುತಿಸುವ ಯಂತ್ರಗಳು ಬರುವ ಮೊದಲು, ಕಪ್ಪು ಕಾಳು, ಒಡೆದ ಕಾಳು, ಹುಳು ಹಿಡಿದ ಕಾಳುಗಳನ್ನು ಸಾಲಾಗಿ ಕುಳಿತು ಕೈಯಿಂದ ಆರಿಸುತ್ತಿದ್ದವರು ಹೆಣ್ಣುಮಕ್ಕಳು. ಗಾರ್ಬಲಿಂಗ್ ಎಂದು ಕರೆಯುವ ಈ ಕೆಲಸದಿಂದ ಚಿಕ್ಕಮಗಳೂರು, ಹಾಸನಗಳ ಎಷ್ಟೋ ಸಂಸಾರಗಳು ನಡೆದಿವೆ. ಬಟವಾಡೆ ಪುಸ್ತಕದಲ್ಲಿ ಹೆಸರಿನ ಮುಂದೆ ಆರಿಸಿದ ತೂಕ, ಕೂಲಿ, ಹಿಡಿದುಕೊಂಡ ಮುಂಗಡ, ಕೊನೆಗೆ ಹೆಬ್ಬೆಟ್ಟಿನ ಗುರುತು. ವರ್ಷಗಳು ಕಳೆದಂತೆ ಹೆಬ್ಬೆಟ್ಟಿನ ಜಾಗದಲ್ಲಿ ಅಲ್ಲಲ್ಲಿ ತಡವರಿಸುವ ಕೈಯ ಸಹಿಗಳು ಕಾಣಿಸಿಕೊಳ್ಳುತ್ತವೆ. ಇಡೀ ಸಂಗ್ರಹದಲ್ಲಿ ಇದಕ್ಕಿಂತ ದೊಡ್ಡ ದಾಖಲೆ ಇಲ್ಲವೆಂದು ನಾನು ಭಾವಿಸುತ್ತೇನೆ. ಹೀಗಿದ್ದೂ ಈ ಪುಸ್ತಕಗಳನ್ನು ಕಪಾಟಿನ ಕೆಳಗಿನ ಹಲಗೆಯಲ್ಲಿ ಇರಿಸಲಾಗಿದ್ದು, ಪ್ರದರ್ಶನದಲ್ಲಿ ಒಂದು ಪುಟವೂ ಇಲ್ಲ. ಗೋಡೆಯ ಮೇಲೆ ನಿರ್ದೇಶಕರ ಭಾವಚಿತ್ರಗಳಿಗೆ ಸಿಕ್ಕಿರುವ ಜಾಗದಲ್ಲಿ ಅರ್ಧವನ್ನಾದರೂ ಇವುಗಳಿಗೆ ಕೊಡಬೇಕು.

ಸಂರಕ್ಷಣೆಯ ಕೆಲಸವನ್ನು ಮೆಚ್ಚಲೇಬೇಕು. ಮಳೆಗಾಲದ ತಿಂಗಳುಗಳಲ್ಲಿ ಇಲ್ಲಿಯ ಗಾಳಿಯಲ್ಲಿರುವ ತೇವಕ್ಕೆ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಕಾಗದದ ಪಾಡು ಹೇಳಬೇಕಾಗಿಲ್ಲ. ಅದಕ್ಕಾಗಿ ಕಪಾಟುಗಳನ್ನು ಗೋಡೆಗೆ ತಾಗಿಸದೆ, ನೆಲದಿಂದಲೂ ಎತ್ತರಿಸಿ, ಸುತ್ತ ಗಾಳಿಯಾಡುವಂತೆ ಇಟ್ಟಿದ್ದಾರೆ. ತೇವ ಹೀರುವ ಯಂತ್ರವೂ ಇದೆ. ಗೆದ್ದಲು ತಿಂದ ಪುಟಗಳ ಅಂಚಿಗೆ ತೆಳುವಾದ ಜಪಾನಿ ಕಾಗದವನ್ನು ಗಂಜಿಯ ಅಂಟಿನಿಂದ ಹಚ್ಚಿದ್ದಾರೆ. ಮುಂದೆ ಯಾರಾದರೂ ಬಿಡಿಸಬೇಕೆಂದರೆ ನೀರಿನಲ್ಲಿ ಬಿಟ್ಟುಕೊಳ್ಳುವ ಅಂಟು ಅದು. ಅನೇಕ ಕಚೇರಿಗಳಲ್ಲಿ ಕಾಣುವ, ವರ್ಷಗಳಲ್ಲಿ ಹಳದಿಯಾಗಿ ಅಕ್ಷರಗಳನ್ನೇ ಕಿತ್ತುಕೊಂಡು ಬರುವ ಸೆಲ್ಲೋ ಟೇಪು ಇಲ್ಲಿಲ್ಲ. ಕಬ್ಬಿಣದ ಅಂಶವಿರುವ ಹಳೆಯ ಶಾಯಿ ಕಂದು ಬಣ್ಣಕ್ಕೆ ತಿರುಗಿ ಕಾಗದವನ್ನೇ ತಿನ್ನುತ್ತಿರುವ ಪುಟಗಳನ್ನು ಬೇರೆ ಮಾಡಿ, ಅವುಗಳನ್ನು ಯಾರಿಗೂ ಮುಟ್ಟಲು ಕೊಡುತ್ತಿಲ್ಲ. ಸಂಗ್ರಹವನ್ನು ನೋಡಿಕೊಳ್ಳುತ್ತಿರುವವರು ಅಲ್ಲೇ ಕೆಲಸ ಮಾಡಿ ನಿವೃತ್ತರಾದ ಒಬ್ಬ ಗುಮಾಸ್ತರು. ನಾನು ಪುಟ ಮಗುಚಲು ಹೋದಾಗ, “ಮೇಲಿನ ಮೂಲೆಯಿಂದ ಹಿಡಿದುಕೊಳ್ಳಿ ಸರ್, ಕೆಳಗಿನ ಅಂಚು ಎಲ್ಲರ ಬೆರಳಿಗೆ ಸಿಕ್ಕಿ ಸವೆದುಹೋಗಿದೆ” ಎಂದರು. ಪ್ರತಿ ಪುಸ್ತಕವೂ ಯಾವ ಕೋಣೆಯಿಂದ ಬಂದದ್ದೆಂಬುದು ಅವರಿಗೆ ಬಾಯಿಪಾಠವಾಗಿದೆ.

ಆ ತಿಳಿವಳಿಕೆ ಅವರ ಬಾಯಲ್ಲೇ ಉಳಿದಿರುವುದು ಸಂಗ್ರಹದ ಮುಖ್ಯ ಕೊರತೆ. ಬರೆದಿಟ್ಟ ಪಟ್ಟಿ ಇಲ್ಲ. ಪುಸ್ತಕಗಳನ್ನು ಗಾತ್ರಕ್ಕೆ ತಕ್ಕಂತೆ ಹಲಗೆಗಳಲ್ಲಿ ಜೋಡಿಸಿರುವುದು ನೋಡಲು ಚೆನ್ನಾಗಿದೆ, ಹುಡುಕಲು ಕಷ್ಟ. ದಾಖಲೆಗಳನ್ನು ಅವು ಹುಟ್ಟಿದ ವಿಭಾಗದ ಹೆಸರಿನಲ್ಲಿ, ಅಲ್ಲಿದ್ದ ಕ್ರಮದಲ್ಲಿಯೇ ಇಡಬೇಕೆಂಬುದು ಪತ್ರಾಗಾರಗಳ ಮೊದಲ ನಿಯಮ. ಏಕೆಂದರೆ ಒಂದು ಪತ್ರದ ಅರ್ಥ ಅರ್ಧಪಾಲು ಅದರ ಹಿಂದೆ ಮುಂದೆ ಇರುವ ಪತ್ರಗಳಲ್ಲಿರುತ್ತದೆ. ಇಲ್ಲಿ ಚೆಂದದ ತಲೆಬರಹವಿರುವ ಪತ್ರಗಳನ್ನು ಕಡತಗಳಿಂದ ಬಿಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ತೆಗೆದ ಜಾಗದಲ್ಲಿ ಗುರುತಿನ ಚೀಟಿ ಇಟ್ಟಿಲ್ಲ. ಎಸ್. 795 ಎಂಬ ಕಾಫಿ ತಳಿಯ ಬಗ್ಗೆ ಬಾಳೆಹೊನ್ನೂರಿನಿಂದ ಬಂದ ಸುತ್ತೋಲೆಯೊಂದು ಹಾಗೆ ಪ್ರದರ್ಶನದಲ್ಲಿದೆ. 1925ರಲ್ಲಿ ಸ್ಥಾಪನೆಯಾದ ಅಲ್ಲಿಯ ಸಂಶೋಧನಾ ಕೇಂದ್ರ ಕೆಂಟ್ಸ್ ಮತ್ತು ಎಸ್. 288 ತಳಿಗಳನ್ನು ಕೂಡಿಸಿ ಬೆಳೆಸಿದ, ಇಂದಿಗೂ ನಮ್ಮ ತೋಟಗಳಲ್ಲಿ ಉಳಿದಿರುವ ತಳಿ ಅದು. ಸುತ್ತೋಲೆಗೆ ಬೆಳೆಗಾರರು ಏನೆಂದು ಉತ್ತರ ಬರೆದರೆಂಬುದು ತಿಳಿಯಬೇಕಾದರೆ ಅದು ಯಾವ ಕಡತದಲ್ಲಿತ್ತೆಂದು ಗೊತ್ತಿರಬೇಕು. ಈಗ ಅದನ್ನು ಹೇಳಬಲ್ಲವರು ಒಬ್ಬರೇ.

ಗಾಜಿನ ಪೆಟ್ಟಿಗೆಗಳ ಮೇಲಿನ ದೀಪಗಳೂ ಅತಿ ಪ್ರಖರ. ಕಾಗದ, ಶಾಯಿಗಳಿಗೆ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಿದ ಬೆಳಕು ಒಳ್ಳೆಯದಲ್ಲವೆಂಬುದು ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಮಿತಿ, ಒಮ್ಮೆ ಮಾಸಿದ ಅಕ್ಷರ ಮತ್ತೆ ಬರುವುದಿಲ್ಲ. ಪ್ರದರ್ಶನಕ್ಕೆ ಒಳ್ಳೆಯ ಪ್ರತಿ ಸಾಕು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಇರುವುದು ಶಾಸನದ ಪ್ರತಿಕೃತಿ, ಮೂಲ ಕಲ್ಲು ಮೈಸೂರಿನಲ್ಲಿ ಸುರಕ್ಷಿತವಾಗಿದೆ. ಅದರಿಂದ ಹಲ್ಮಿಡಿಗೆ ಹೋಗಿ ನೋಡಿ ಬರುವವರ ಹೆಮ್ಮೆಗೆ ಯಾವ ಕೊರತೆಯೂ ಆಗಿಲ್ಲ.

ಡಿಜಿಟಲ್ ಪ್ರತಿಗಳ ಬಗ್ಗೆಯೂ ಒಂದು ಮಾತು. ಈಗ ಇರುವವು ಮೊಬೈಲಿನಲ್ಲಿ ತೆಗೆದ ಚಿತ್ರಗಳು. ಪುಟದ ಅಂಚುಗಳು ಕತ್ತರಿಸಿಹೋಗಿವೆ, ಫೈಲಿನ ಹೆಸರು ಚಿತ್ರ ತೆಗೆದ ದಿನಾಂಕವೇ ಹೊರತು ಪುಸ್ತಕದ ಸಂಖ್ಯೆಯಲ್ಲ. ಸಾವಿರಾರು ಚಿತ್ರಗಳ ನಡುವೆ ಒಂದು ಎಸ್ಟೇಟಿನ ಪುಟ ಹುಡುಕಲು ಇದರಿಂದ ಸಾಧ್ಯವಿಲ್ಲ. ಇನ್ನೊಂದು ಗಾಜಿನ ಪೆಟ್ಟಿಗೆ ಕೊಳ್ಳುವ ಹಣದಲ್ಲಿ ಮೊದಲು ಪಟ್ಟಿ ಮಾಡಿಸಿ, ಪ್ರತಿ ಪುಸ್ತಕಕ್ಕೂ ಸಂಖ್ಯೆ ಹಾಕಿ, ಆ ಮೇಲೆ ಒಂದು ಅಂಗುಲಕ್ಕೆ 300 ಚುಕ್ಕೆಗೆ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿಸಬೇಕೆಂದು ಅಲ್ಲಿಯ ಸಂದರ್ಶಕರ ಪುಸ್ತಕದಲ್ಲೂ ಬರೆದು ಬಂದಿದ್ದೇನೆ. ನಗರದ ಕಾಲೇಜುಗಳ ಇತಿಹಾಸ ಮತ್ತು ವಾಣಿಜ್ಯ ವಿದ್ಯಾರ್ಥಿಗಳನ್ನು ಕರೆದು, ಆ ಗುಮಾಸ್ತರ ಪಕ್ಕದಲ್ಲಿ ಕೂರಿಸಿ, ಅವರು ಹೇಳುವುದನ್ನೆಲ್ಲ ಬರೆಸಿಕೊಂಡರೆ ಪಟ್ಟಿಯ ಅರ್ಧ ಕೆಲಸ ಮುಗಿಯುತ್ತದೆ. ಇದು ತಡವಾಗಬಾರದು. ಕಾಗದದ ಪೆಟ್ಟಿಗೆಗಳನ್ನು ತೆರೆದು ಓದುವವರು ಬಂದರೆ ಏನು ಸಿಗಬಹುದೆಂಬುದನ್ನು ಈ ಜಿಲ್ಲೆ ಬಲ್ಲದು. ಟಿಪ್ಪು ಸುಲ್ತಾನ್ ಶೃಂಗೇರಿ ಮಠಕ್ಕೆ ಬರೆದ ಕನ್ನಡ ಪತ್ರಗಳನ್ನು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲಿ ಬೆಳಕಿಗೆ ತಂದದ್ದು ಹಾಗೆಯೇ.

ಕನ್ನಡದ ವಿವರಣೆಗಳು ಯಂತ್ರಗಳ ಹಜಾರದಲ್ಲಿ ಚೆನ್ನಾಗಿವೆ, ಮಹಡಿಯಲ್ಲಿ ಇಲ್ಲವೇ ಇಲ್ಲ. ಪಾಯಿಂಟಿನ ಲೆಕ್ಕ ಹೇಗೆ ನಡೆಯುತ್ತಿತ್ತೆಂದು ಒಂದು ಫಲಕದಲ್ಲಿ ಉದಾಹರಣೆ ಸಹಿತ ಬರೆದರೆ ಪೂಲ್ ಕಾಣದ ಈಗಿನ ಯುವ ಬೆಳೆಗಾರರಿಗೂ ಪುಸ್ತಕಗಳು ಅರ್ಥವಾಗುತ್ತವೆ. ಮೆಟ್ಟಿಲು ಕಡಿದಾಗಿದ್ದು ವಯಸ್ಸಾದವರಿಗೆ ಕಷ್ಟ. ಬೇಕಾದ ಪುಸ್ತಕವನ್ನು ಕೇಳಿದರೆ ಕೆಳಗೇ ತಂದು ತೋರಿಸುತ್ತಾರೆ.

ಇಷ್ಟು ಕೊರತೆಗಳಿದ್ದರೂ ನಾನು ಇದನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ, ಮುಖ್ಯವಾಗಿ ಕಾಫಿ ಬೆಳೆಯುವ ಕುಟುಂಬದವರಿಗೆ. ಪ್ರವೇಶಕ್ಕೆ ಶುಲ್ಕವಿಲ್ಲ, ಚಿತ್ರ ತೆಗೆಯಲು ಮಾತ್ರ ಬಿಡುವುದಿಲ್ಲ. ಕೊಯ್ಲು ಮುಗಿದು ಕಾಫಿ ಬರತೊಡಗಿದ ಮೇಲೆ ಸಿಬ್ಬಂದಿಗೆ ಬಿಡುವಿರುವುದಿಲ್ಲವಾದ್ದರಿಂದ ಮಳೆಗಾಲ ಕಳೆದ ಕೂಡಲೇ, ಪತ್ರ ಬರೆದು ಅನುಮತಿ ಪಡೆದು ಹೋಗುವುದು ಉತ್ತಮ. ಹೋಗುವಾಗ ನಿಮ್ಮ ತೋಟದ ಹಳೆಯ ನೋಂದಣಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ಪುಸ್ತಕಗಳಲ್ಲಿ ಹೆಸರಿಗಿಂತ ಅದರ ಮೂಲಕ ಹುಡುಕುವುದು ಸುಲಭ. ಮನೆಯ ಟ್ರಂಕಿನಲ್ಲಿ ಹಳೆಯ ಪೂಲ್ ರಸೀದಿಗಳಿದ್ದರೆ ಅವನ್ನೂ ತೆಗೆದುಕೊಂಡು ಹೋಗಬಹುದು: ಪುಸ್ತಕ ಕಾಣೆಯಾಗಿರುವ ವರ್ಷಗಳ ರಸೀದಿಗಳನ್ನು ಅವರು ಪ್ರತಿ ಮಾಡಿಕೊಂಡು, ಮೂಲವನ್ನು ಅಂದೇ ಹಿಂದಿರುಗಿಸುತ್ತಾರೆ.