ಐರಿಸ್ ಬೀಜ: ಕುಂಡವೋ, ಫ್ರಿಜ್ಜೋ, ಫ್ಲಶ್ ಟ್ಯಾಂಕೋ?

ಐರಿಸ್ ಹೂಗಿಡ ಬೇಕಾದರೆ ಗೆಡ್ಡೆ ನೆಟ್ಟರೆ ಸಾಕಲ್ವಾ, ಬೀಜದ ಉಸಾಬರಿ ಯಾಕೆ ಅಂತ ಕೇಳಬಹುದು. ಗೆಡ್ಡೆಯಿಂದ ಬರುವುದು ಅದೇ ಹಳೆಯ ಹೂವು. ಹೈಬ್ರಿಡ್ ಗಿಡದ ಬೀಜ ಹಾಗಲ್ಲ, ಒಂದೊಂದು ಸಸಿಗೆ ಒಂದೊಂದು ಬಣ್ಣ ಬಂದೀತು. ಆ ಆಸೆಗೆ ಬಿದ್ದು 80 ಬೀಜ ಕೂಡಿಟ್ಟೆ. ಈ ಬೀಜ ಸಾಮಾನ್ಯವಾಗಿ ಚಳಿ ತಾಗಿದ ಮೇಲೇ ಮೊಳೆಯುತ್ತದೆ. ಯಾವ ದಾರಿ ಒಳ್ಳೆಯದು ಅಂತ ನೋಡಲು 20ರಂತೆ ನಾಲ್ಕು ಪಾಲು ಮಾಡಿದೆ.

ಮೊದಲ ಪಾಲನ್ನು ಚಳಿಗಾಲಕ್ಕೆ ಮುಂಚೆ ಕುಂಡದಲ್ಲಿ ಬಿತ್ತಿ ಹೊರಗೇ ಬಿಟ್ಟೆ. ಒಂದು ಸೆಂಟಿಮೀಟರ್ ಆಳ ಸಾಕು. ಚಳಿ ಕಳೆದ ಮೇಲೆ 6 ಮೊಳೆತವು.

ಎರಡನೆಯದು ಫ್ರಿಜ್. ಬೀಜವನ್ನು ಒದ್ದೆ ಟಿಶ್ಯೂನಲ್ಲಿ ಸುತ್ತಿ, ಜಿಪ್ ಕವರ್‌ಗೆ ಹಾಕಿ, 4 ಡಿಗ್ರಿಯಲ್ಲಿ 10 ವಾರ ಇಟ್ಟೆ. ಫ್ರೀಜರ್‌ನಲ್ಲಲ್ಲ, ಕೆಳಗೆ. ಟಿಶ್ಯೂ ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಬೂಷ್ಟು ಬರುತ್ತದೆ. ನನಗೂ ಬಂತು. ಮೆತ್ತಗಾದ ಬೀಜ ಎಸೆದು, ಉಳಿದವನ್ನು ತೊಳೆದು ಹೊಸ ಟಿಶ್ಯೂಗೆ ಹಾಕಿದೆ. 9 ಮೊಳೆತವು.

ಮೂರನೆಯದನ್ನು ಹೇಳಿದರೆ ನಗುತ್ತೀರಿ, ನಮ್ಮ ಮನೆಯಲ್ಲೂ ನಕ್ಕರು. ಐರಿಸ್ ಬೀಜದೊಳಗೇ ಮೊಳಕೆಯನ್ನು ತಡೆಹಿಡಿಯುವ ಅಂಶಗಳಿರುತ್ತವೆ. ಅವನ್ನು ತೊಳೆದು ತೆಗೆಯಲು ಎರಡು ವಾರ ದಿನಾ ನೀರು ಬದಲಿಸಬೇಕು. ಯಾರಿಗೆ ನೆನಪಿರುತ್ತದೆ? ಅದಕ್ಕೇ ಕೆಲವು ಐರಿಸ್ ಹುಚ್ಚರು ಬೀಜವನ್ನು ಹಳೆಯ ನೈಲಾನ್ ಕಾಲುಚೀಲದಲ್ಲಿ ಗಂಟು ಕಟ್ಟಿ ಟಾಯ್ಲೆಟ್‌ನ ಫ್ಲಶ್ ಟ್ಯಾಂಕಿಗೆ ಇಳಿಬಿಡುತ್ತಾರೆ. ಯಾರು ಫ್ಲಶ್ ಮಾಡಿದರೂ ಹೊಸ ನೀರು! ದಾರ ವಾಲ್ವ್‌ಗೆ ಸಿಕ್ಕಿಕೊಳ್ಳಬಾರದು, ಟ್ಯಾಂಕಿನಲ್ಲಿ ಕ್ಲೀನಿಂಗ್ ಮಾತ್ರೆ ಇರಬಾರದು, ಅಷ್ಟೆ. ನಾನೂ ಹಾಗೇ ಮಾಡಿದೆ. ಆಮೇಲೆ ಈ ಬೀಜಗಳೂ 10 ವಾರ ಫ್ರಿಜ್‌ಗೆ ಹೋದವು. 14 ಮೊಳೆತವು, ಅದೂ ಹೆಚ್ಚುಕಡಿಮೆ ಒಟ್ಟಿಗೆ. ಬರೀ ಫ್ರಿಜ್‌ನವು ತಿಂಗಳುಗಟ್ಟಲೆ ಸತಾಯಿಸಿದ್ದವು.

ನಾಲ್ಕನೆಯದು ಬ್ಲೇಡ್ ಕೆಲಸ. ನೆನೆಸಿದ ಬೀಜದ ತುದಿ ಹೆರೆದು ಒಳಗಿನ ಭ್ರೂಣ ಕಾಣುವಂತೆ ಮಾಡುವುದು. ಚಳಿಯ ಹಂಗೇ ಇಲ್ಲ, ಎರಡು ವಾರದೊಳಗೆ ಮೊಳಕೆ. ಆದರೆ ನನ್ನ ಕೈ ಅಷ್ಟು ನಯವಲ್ಲ. ಕೆಲವು ಭ್ರೂಣಗಳನ್ನೇ ಕತ್ತರಿಸಿಬಿಟ್ಟೆ, ಕೆಲವು ಗಾಯವಾದಲ್ಲಿ ಕೊಳೆತವು. ದಕ್ಕಿದ್ದು 5. ಅವಸರವಿದ್ದು ಕೈ ಪಳಗಿದವರಿಗೆ ಸರಿ, ನನಗಂತೂ ಬೇಡ. ಹೇಗೂ ಹೂವಿಗೆ ಎರಡು-ಮೂರು ವರ್ಷ ಕಾಯಲೇಬೇಕು, ಮೊಳಕೆಯಲ್ಲಿ ಹತ್ತು ವಾರ ಉಳಿಸಿ ಏನು ಮಾಡಲಿ?

ಮುಂದಿನ ಸಲ ಎಲ್ಲ ಬೀಜವೂ ಟ್ಯಾಂಕಿಗೇ. ಹಾಗಂತ ಮೊದಲ ಕುಂಡವನ್ನು ಸುರಿಯಲಿಲ್ಲ, ಐರಿಸ್ ಬೀಜ ವರ್ಷ ಬಿಟ್ಟೂ ಮೊಳೆಯುತ್ತದೆ. ಎರಡನೇ ಚಳಿಗಾಲದ ನಂತರ ಅದರಲ್ಲಿ ಇನ್ನೂ 4 ಎದ್ದವು. ಉಳಿದ 10ಕ್ಕೆ ಈಗಲೂ ನೀರು ಹಾಕುತ್ತಿದ್ದೇನೆ.