ದಾವಣಗೆರೆಯಲ್ಲಿ ಬೆಕ್ಕು ಸಾಕಿದವರೇ, ತೂಕಕ್ಕೆ ಮಾರುವ ಲೂಸ್ ಕ್ಯಾಟ್ ಫುಡ್ ತರಬೇಡಿ

ದೊಡ್ಡ ಚೀಲದಿಂದ ತೂಗಿ, ಬರೀ ಪ್ಲಾಸ್ಟಿಕ್ ಕವರಿಗೆ ಹಾಕಿಕೊಡುವ ಕ್ಯಾಟ್ ಫುಡ್ ಇದೆಯಲ್ಲ, ಅದನ್ನು ದಯವಿಟ್ಟು ಕೊಳ್ಳಬೇಡಿ. ಪ್ಯಾಕೆಟ್‌ಗಿಂತ ಅಗ್ಗ, ನಿಜ. ತಿಂಗಳುಗಟ್ಟಲೆ ಅದನ್ನೇ ತಿಂದ ನಮ್ಮ ಕೆಂಚ ಸಾಯುವುದೊಂದು ಬಾಕಿ ಇತ್ತು.

ನಮ್ಮದು ಸಸ್ಯಾಹಾರಿ ಮನೆ. ಕೆಂಚ ಅಂದರೆ ಅತ್ತೆಗೆ ಜೀವ, ಆದರೆ ಒಲೆ ಮೇಲೆ ಕೋಳಿ ಬೇಯಿಸಲು ಅವರು ಒಪ್ಪುವುದಿಲ್ಲ. ಈ ಊರಲ್ಲಿ ನಮ್ಮಂಥ ಮನೆಗಳು ಬಹಳ. ಹಾಲು-ಅನ್ನದಿಂದ ಬೆಕ್ಕಿನ ಹೊಟ್ಟೆ ತುಂಬೀತು, ಮೈಗೆ ಬೇಕಾದದ್ದು ಸಿಗುವುದಿಲ್ಲ. ಬೆಳೆದ ಬೆಕ್ಕುಗಳಿಗೆ ಹಾಲು ಸರಿಯಾಗಿ ಅರಗುವುದೂ ಕಷ್ಟ. ಹಾಗಾಗಿ ನಾವು ಅಂಗಡಿಯ ಕಾಳನ್ನೇ, ಅಂದರೆ ಕಾಳಿನಂತಿರುವ ಆ ಒಣ ಕ್ಯಾಟ್ ಫುಡ್ಡನ್ನೇ, ನಂಬಿದ್ದೆವು.

ಬೇಸಿಗೆಯ ಒಂದು ಸಂಜೆ ಕೆಂಚ ಮಣ್ಣಿನ ಟ್ರೇಗೆ ಹೋಗುವುದು, ಕೂತು ತಿಣುಕುವುದು, ಏನೂ ಬಾರದೆ ಎದ್ದು ಬರುವುದು, ಮತ್ತೆ ಹೋಗುವುದು ಶುರುವಾಯಿತು. ಹಿಂಭಾಗವನ್ನು ಬಿಡದೆ ನೆಕ್ಕಿಕೊಳ್ಳುತ್ತಿದ್ದ. "ಹೊಟ್ಟೆ ಕಟ್ಟಿರಬೇಕು, ಚೂರು ಎಣ್ಣೆ ಕುಡಿಸು" ಅಂದರು ಅತ್ತೆ. ರಾತ್ರಿಯಾಗುವಷ್ಟರಲ್ಲಿ ಹೊಟ್ಟೆ ಮುಟ್ಟಿದರೆ ಚೀರತೊಡಗಿದ. ಎತ್ತಿಕೊಂಡು ಓಡಿದೆವು. ಡಾಕ್ಟರ್ ಹೊಟ್ಟೆ ಒತ್ತಿ ನೋಡಿದವರೇ, "ಉಚ್ಚೆ ಕಟ್ಟಿದೆ ಕಣಮ್ಮ. ಬೆಳಿಗ್ಗೆ ನೋಡೋಣ ಅಂತ ಬಿಟ್ಟಿದ್ರೆ ಕಷ್ಟ ಇತ್ತು" ಅಂದರು. ಮೂತ್ರಕೋಶ ನಿಂಬೆಹಣ್ಣಿನಷ್ಟು ಊದಿ ಕೈಗೆ ಗಟ್ಟಿಯಾಗಿ ಸಿಗುತ್ತಿತ್ತು. ಅರಿವಳಿಕೆ ಕೊಟ್ಟು ಸಣ್ಣ ನಳಿಕೆ ತೂರಿಸಿದಾಗ ಬಂದದ್ದು ರಕ್ತ ಬೆರೆತ ಮೂತ್ರ, ತಳದಲ್ಲಿ ಹರಳಿನ ಪುಡಿ.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಒಣ ಕಾಳಿನಲ್ಲಿ ನೀರಿನಂಶ ಸುಮಾರು 10%, ಪೌಚಿನ ಹಸಿ ಆಹಾರದಲ್ಲಿ 75%ಕ್ಕೂ ಹೆಚ್ಚು. ಬೆಕ್ಕು ಮೊದಲೇ ನೀರು ಕುಡಿಯುವುದು ಕಮ್ಮಿ, ಅದರ ಮೇಲೆ ನಮ್ಮೂರ ಬಿಸಿಲು. ಮಾಂಸ ಕಡಿಮೆ, ಧಾನ್ಯ ಜಾಸ್ತಿ ಇರುವ ಆಹಾರದಿಂದ ಮೂತ್ರ ಕ್ಷಾರೀಯವಾಗುತ್ತದೆ, ಮೂತ್ರದಲ್ಲಿ ಸ್ಟ್ರುವೈಟ್ ಎಂಬ ಹರಳು ಕಟ್ಟಲು ಅನುಕೂಲ. "ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ. ಏನು ಹಾಕ್ತಿದ್ರಿ, ಪ್ಯಾಕೆಟ್ ತೋರಿಸಿ" ಅಂದರು ಡಾಕ್ಟರ್. ಪ್ಯಾಕೆಟ್ ಎಲ್ಲಿಂದ ತರೋದು?

ಮರುದಿನ ನಮ್ಮ ಮನೆಯವರು ಅಂಗಡಿಗೆ ಹೋಗಿ ಚೀಲ ತೋರಿಸು ಅಂದರು. ಬಾಯಿ ಹೊರಕ್ಕೆ ಮಡಚಿಟ್ಟಿದ್ದ ಚೀಲವನ್ನು ಬಿಡಿಸಿದರೆ ಮೇಲೆ ನಾಯಿಯ ಚಿತ್ರ! "ಎರಡೂ ಒಂದೇ ಅಣ್ಣ, ಕಾಳಿನ ಸೈಜ್ ಅಷ್ಟೇ ಬೇರೆ. ಎಲ್ರೂ ಒಯ್ತಾರೆ" ಅಂದನಂತೆ. ನನಗೆ ಹೊಟ್ಟೆ ಉರಿದದ್ದು ಆ ಮಾತಿಗೆ.

ಎರಡೂ ಒಂದೇ ಅಲ್ಲ. ಟಾರಿನ್ ಎಂಬ ಅಮೈನೊ ಆಮ್ಲವನ್ನು ನಾಯಿಯ ದೇಹ ಸಾಮಾನ್ಯವಾಗಿ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಬೇಕಾದಷ್ಟು ಮಾಡಿಕೊಳ್ಳಲು ಬರುವುದಿಲ್ಲ, ಆಹಾರದಲ್ಲೇ ಸಿಗಬೇಕು. ಕಡಿಮೆಯಾದರೆ ಹೃದಯ ಹಿಗ್ಗಿ ಸೋಲುತ್ತದೆ ಎಂದು 1987ರಲ್ಲೇ ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಕಣ್ಣೂ ಹೋಗುತ್ತದೆ. ಇದು ತಿಂಗಳುಗಟ್ಟಲೆ ಹೊರಗೆ ಕಾಣದೆ ನಡೆಯುವ ಹಾನಿ. ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಆಫ್ಕೋ (AAFCO) ಪ್ರಕಾರ ಬೆಳೆದ ನಾಯಿಯ ಆಹಾರಕ್ಕೆ ಕನಿಷ್ಠ 18% ಪ್ರೋಟೀನ್, ಬೆಕ್ಕಿನದಕ್ಕೆ 26%. ಬೆಕ್ಕಿನ ಒಣ ಕಾಳಿಗೆ ಟಾರಿನ್ ಕನಿಷ್ಠ 0.1%. ಸೀಲ್ ಇರುವ ಪ್ಯಾಕೆಟ್ಟೇ ತನ್ನಿ. ಬೆಕ್ಕಿಗೆ ಸಂಪೂರ್ಣ, ಸಮತೋಲಿತ ಆಹಾರ ಎಂದು ಬರೆದಿದೆಯೇ, ಟಾರಿನ್ ಇದೆಯೇ, ಪಟ್ಟಿಯಲ್ಲಿ ಮೊದಲು ಮಾಂಸವೋ ಮೀನೋ ಇದೆಯೇ, ಎಕ್ಸ್‌ಪೈರಿ ಯಾವಾಗ ನೋಡಿ. ತೆರೆದಿಟ್ಟ ಚೀಲದಲ್ಲಿ ಕೊಬ್ಬು ಕಮಟು ಹಿಡಿಯುತ್ತದೆ, ಅದಂತೂ ಲೂಸಿನಲ್ಲಿ ಗೊತ್ತೇ ಆಗುವುದಿಲ್ಲ.

ಈಗ ಕೆಂಚನಿಗೆ ಹೆಚ್ಚಾಗಿ ಪೌಚ್, ಅದಕ್ಕೂ ಎರಡು ಚಮಚ ನೀರು. ಅತ್ತೆಯ ಒಲೆಗೂ ತೊಂದರೆಯಿಲ್ಲ. ಕೋಳಿ ಬೇಯಿಸಿ ಹಾಕುವವರು ಈರುಳ್ಳಿ, ಬೆಳ್ಳುಳ್ಳಿ ಸೋಕಿಸಬೇಡಿ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬರೀ ಕೋಳಿ ಮಾಂಸವೂ ಸಾಲದು, ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ.

ಲೂಸ್ ಕಾಳು ಹಾಕುತ್ತಿರುವವರು ಇವತ್ತೇ ಪೂರ್ತಿ ನಿಲ್ಲಿಸಿ ಹೊಸದನ್ನು ಸುರಿಯಬೇಡಿ. ಹಳೆಯದಕ್ಕೆ ಹೊಸದನ್ನು ಬೆರೆಸುತ್ತಾ ವಾರ, ಹತ್ತು ದಿನದಲ್ಲಿ ಬದಲಿಸಿ. ಹಸಿವಾದರೆ ತಾನೇ ತಿನ್ನುತ್ತೆ ಅಂತ ಉಪವಾಸ ಕೆಡವಬೇಡಿ, ಎರಡು ಮೂರು ದಿನ ತಿನ್ನದಿದ್ದರೆ, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ, ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಗಂಡು ಬೆಕ್ಕು ಟ್ರೇಯಲ್ಲಿ ತಿಣುಕುತ್ತಾ ಹನಿ ಉಚ್ಚೆಯೂ ಬಾರದಿದ್ದರೆ ಎಣ್ಣೆ, ಜೀರಿಗೆ ನೀರು ಅಂತ ಕೂರದೆ ಆ ರಾತ್ರಿಯೇ ಡಾಕ್ಟರ್ ಹತ್ತಿರ ಹೋಗಿ.